ಕೋಳಿಕೆ ರಂಗ, ಒಂದು ಗಿಟಾರು ಮತ್ತು ನಮ್ಮ ಭಾವ

ಟಿ. ಪಿ. ಕೈಲಾಸಂ ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ನೆನಪಾಗೋದು ಎರಡೇ ವಿಷಯ. ಒಂದು, ಕನ್ನಡ ಪಠ್ಯಪುಸ್ತಕದ ಲೇಖಕರ ಪರಿಚಯ: ಪ್ರಹಸನ ಪಿತಾಮಹ, ಕಾಲ, ಸ್ಥಳ, ಕೃತಿಗಳು, ಎರಡು ಅಂಕಕ್ಕೆ. ಇನ್ನೊಂದು, ಸ್ಕೂಲ್ ಡೇ ದಿನ ಯಾರೋ ಹುಡುಗ ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ ಕುಣಿದ 'ಕೋಳಿಕೆ ರಂಗ'. ಹಾಡು ಮುಗೀತು, ಚಪ್ಪಾಳೆ ಬಿತ್ತು, ಮುಂದಿನ ಐಟಂ ಭರತನಾಟ್ಯ. ಅಲ್ಲಿಗೆ ನಮ್ಮ ಪಾಲಿಗೆ ಕೈಲಾಸಂ ಮುಗಿದರು.

ಆ ಹಾಡಿನ ಧಾಟಿ ಎಲ್ಲಿಂದ ಬಂತು ಅಂತ ಯಾವತ್ತಾದರೂ ಯೋಚಿಸಿದ್ದೀರಾ? 1920ರ ದಶಕದಲ್ಲಿ ಇಂಗ್ಲಿಷಿನಲ್ಲಿ ಒಂದು ತಮಾಷೆ ಹಾಡು ಭಾರೀ ಓಡುತ್ತಿತ್ತು. ಕಾನ್‌ಸ್ಟಾಂಟಿನೋಪಲ್ ಅನ್ನೋ ಊರಿನ ಉದ್ದನೆಯ ಸ್ಪೆಲಿಂಗೇ ಅದರ ಪಲ್ಲವಿ. ಕೈಲಾಸಂ ಅದೇ ಧಾಟಿ ಎತ್ತಿಕೊಂಡರು, ಊರನ್ನು ಕಿತ್ತುಹಾಕಿದರು, ಆ ಜಾಗದಲ್ಲಿ ನಮ್ಮ ಹಳ್ಳಿಯ ರಂಗನನ್ನು ತಂದು ನಿಲ್ಲಿಸಿದರು. ರಂಗನೂ ತನ್ನ ಹೆಸರನ್ನು ಬಿಡಿಸಿ ಹೇಳ್ತಾನೆ. ಹೇಳೋದು ಮಾತ್ರ ಕಾಗುಣಿತದಲ್ಲಿ, ಒಂದನೇ ಕ್ಲಾಸಿನ ಮಗು ಮೇಷ್ಟ್ರ ಮುಂದೆ ಒಪ್ಪಿಸೋ ಹಾಗೆ.

ಇನ್ನೊಂದು ಹಾಡು 'ತಿಪ್ಪಾರಳ್ಳಿ'. ಅದರ ಹಿಂದೆ ಇರೋದು 1912ರ 'ಟಿಪ್ಪರರಿ'. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಹೆಜ್ಜೆ ಹಾಕುತ್ತಾ ಹಾಡಿದ ಹಾಡು ಅದು. ಲಂಡನ್ನಿನಲ್ಲಿ ಕೂತ ಐರ್ಲೆಂಡಿನವನೊಬ್ಬ ನಮ್ಮೂರು ದೂರ ಅಂತ ಹಂಬಲಿಸೋದು ಅದರ ವಿಷಯ. ಟಿಪ್ಪರರಿ ಅನ್ನೋ ಹೆಸರು ಕಿವಿಗೆ ಬಿದ್ದಾಗ ಅದರೊಳಗೆ ಒಂದು ತಿಪ್ಪಾರಳ್ಳಿ ಕೇಳಿಸಬೇಕಾದರೆ ಎಂಥ ಕಿವಿ ಇರಬೇಕು ನೋಡಿ. ಇದನ್ನು ಅನುವಾದ ಅನ್ನೋಕಾಗಲ್ಲ, ಕಿತಾಪತಿ ಅನ್ನಬೇಕು. ಆಳುವವರ ಹಾಡನ್ನೇ ಕದ್ದು, ಅದಕ್ಕೆ ನಮ್ಮ ಹಳ್ಳಿಯ ಬಟ್ಟೆ ತೊಡಿಸಿ, ಅವರ ಮುಂದೆಯೇ ಮೆರವಣಿಗೆ ಮಾಡಿಸಿದ ಕಿತಾಪತಿ.

ನನಗೆ ಕೈಲಾಸಂ ಮತ್ತೆ ಸಿಕ್ಕಿದ್ದು ಫ್ರಾಂಕ್ ಝಪ್ಪಾ ಅನ್ನೋ ಅಮೆರಿಕದ ರಾಕ್ ಸಂಗೀತಗಾರನ ಮೂಲಕ. ನಾನು ದಿನಾ ವಿಜಯನಗರದಲ್ಲಿ ಪರ್ಪಲ್ ಲೈನ್ ಹತ್ತಿ ವೈಟ್‌ಫೀಲ್ಡ್ ಕಡೆ ಹೋಗುವವನು. ಸೀಟು ಸಿಕ್ಕರೆ ಒಂದು ಗಂಟೆಗೂ ಮೇಲೆ ಹಾಡು ಕೇಳಬಹುದು, ಸಿಗದಿದ್ದರೆ ನಿಂತುಕೊಂಡು ಕೇಳಬಹುದು. ನಮ್ಮ ಟೀಮಿನಲ್ಲಿರೋ ಶಿಲ್ಲಾಂಗಿನ ಹುಡುಗ ಒಂದಿನ ಒಂದು ಪ್ಲೇಲಿಸ್ಟ್ ಕಳಿಸಿ, "ಇವನನ್ನು ಕೇಳು, ತಲೆ ಕೆಟ್ಟವನು, ಆದ್ರೆ ಜೀನಿಯಸ್" ಅಂದ. ಕೇಳಿದೆ. ಮೊದಲ ವಾರ ನಿಜವಾಗಲೂ ತಲೆ ಕೆಟ್ಟಿತು.

ಝಪ್ಪಾ ಹುಟ್ಟಿದ್ದು 1940ರಲ್ಲಿ, ತೀರಿಕೊಂಡದ್ದು 1993ರಲ್ಲಿ. ಬದುಕಿದ್ದ 52 ವರ್ಷದಲ್ಲಿ 60ಕ್ಕೂ ಹೆಚ್ಚು ಆಲ್ಬಂ. 1963ರಲ್ಲಿ, ಯಾರಿಗೂ ಪರಿಚಯ ಇಲ್ಲದ ಹುಡುಗನಾಗಿದ್ದಾಗ, ಟಿವಿ ಕಾರ್ಯಕ್ರಮಕ್ಕೆ ಹೋಗಿ ಸೈಕಲ್ಲನ್ನೇ ವಾದ್ಯದ ಹಾಗೆ ನುಡಿಸಿದ್ದ. ಎಲ್ಲರೂ ಹಿಪ್ಪಿಗಳನ್ನು ತಲೆ ಮೇಲೆ ಹೊತ್ತುಕೊಂಡಿದ್ದ 1968ರಲ್ಲಿ ಹಿಪ್ಪಿಗಳನ್ನೇ ಲೇವಡಿ ಮಾಡಿ ಒಂದು ಆಲ್ಬಂ ತಂದ, ಅದರ ಚಿತ್ರದಲ್ಲಿ ಬೀಟಲ್ಸ್‌ನವರ ಪ್ರಸಿದ್ಧ ಮುಖಪುಟವನ್ನೂ ಅಣಕಿಸಿದ. ಅದೇ ಮನುಷ್ಯ ಇಡೀ ಆರ್ಕೆಸ್ಟ್ರಾಗೆ ಬೆವರಿಳಿಸುವಂಥ ಸಂಗೀತ ಬರೆದ. ಅವನ ಕೃತಿಗಳನ್ನು 1984ರಲ್ಲಿ ಪಿಯೆರ್ ಬೂಲೆಜ್ ಅಂಥ ಘಟಾನುಘಟಿ ಸಂಗೀತ ನಿರ್ದೇಶಕರು ನಡೆಸಿಕೊಟ್ಟು ರೆಕಾರ್ಡ್ ಮಾಡಿಸಿದರು. ಕರ್ನಾಟಕ ಸಂಗೀತದ ಮನೆಯಿಂದ ಬಂದ ಪಿಟೀಲು ವಾದಕ ಎಲ್. ಶಂಕರ್ ಅವರ 'ಟಚ್ ಮಿ ದೇರ್' ಆಲ್ಬಂ 1979ರಲ್ಲಿ ಬಂದದ್ದೂ ಝಪ್ಪಾನ ನಿರ್ಮಾಣದಲ್ಲೇ. ಮನೆಯಲ್ಲಿ ಸ್ಪೀಕರ್ ಹಾಕಿ ಕೇಳೋಕಾಗದ ಪೋಲಿ ಹಾಡುಗಳೂ ಅವನವು ಬೇಕಾದಷ್ಟಿವೆ, ಅದನ್ನು ಮುಚ್ಚಿಡಲ್ಲ.

"ಇಂಥವನು ನಿಮ್ಮ ಕನ್ನಡದಲ್ಲಿ ಇದ್ದಾನಾ?" ಅಂತ ಆ ಹುಡುಗ ಕೇಳಿದ. ರಾಕ್ ಅಂದರೆ ನಮಗೆ ತಕ್ಷಣ ಹೊಳೆಯೋದು ರಘು ದೀಕ್ಷಿತ್. ಶಿಶುನಾಳ ಷರೀಫರ ಪದಗಳಿಗೆ ಗಿಟಾರ್ ಕಟ್ಟಿ ದೇಶ ಸುತ್ತಿಸಿದವರು. ಆದರೆ ಲೇವಡಿ, ಹುಚ್ಚಾಟ, ವಿದ್ವತ್ತು, ಯಾರ ಮಾತೂ ಕೇಳದ ಸ್ವಭಾವ, ಇಷ್ಟೂ ಒಂದೇ ಮೈಯಲ್ಲಿ? ಬಾಯಿಗೆ ಬಂದ ಹೆಸರು ಕೈಲಾಸಂ. ಗಿಟಾರ್ ಇರಲಿಲ್ಲ, ಆ ಕಾಲಕ್ಕೆ ರಾಕ್ ಅನ್ನೋ ಸಂಗೀತವೇ ಹುಟ್ಟಿರಲಿಲ್ಲ. ಉಳಿದದ್ದೆಲ್ಲಾ ಇತ್ತು.

ಅವರ ಬದುಕು ನೋಡಿ. ಹುಟ್ಟಿದ್ದು 1884ರಲ್ಲಿ. ಮೈಸೂರು ಸಂಸ್ಥಾನದ ನ್ಯಾಯಾಧೀಶರ ಮಗ. ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದು, ಭೂಗರ್ಭ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಇವತ್ತಿನ ಲೆಕ್ಕದಲ್ಲಿ ಫಾರಿನ್ ಡಿಗ್ರಿ, ಸರ್ಕಾರಿ ನೌಕರಿ, ಪೆನ್ಶನ್ನು. ಮ್ಯಾಟ್ರಿಮೊನಿ ಪ್ರೊಫೈಲಿಗೆ ಇನ್ನೇನು ಬೇಕು? ಅದನ್ನು ಬಿಟ್ಟು ನಾಟಕ ಹಿಡಿದರು. ಮನೆ ಇದ್ದೂ 'ನೂಕ್' ಅಂತ ಹೆಸರಿಟ್ಟುಕೊಂಡ ಒಂದು ಕೊಳಕು ಕೋಣೆಯಲ್ಲಿ ವಾಸ. ಬೆರಳ ಸಂದಿಯಲ್ಲಿ ಸಿಗರೇಟು. ತಾವಾಗಿ ಕೂತು ಬರೆಯೋದು ಕಡಿಮೆ. ರಾತ್ರಿ ಹೊತ್ತು ಗೆಳೆಯರ ಮುಂದೆ ಎಲ್ಲಾ ಪಾತ್ರಗಳನ್ನೂ ತಾವೇ ಆಡಿ ಹೇಳೋರು, ಗೆಳೆಯರು ಬರೆದುಕೊಳ್ಳೋರು. ಹೀಗೆ ಹೇಳ್ತಾ ಹೇಳ್ತಾನೇ 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಮರುವರ್ಷ ತೀರಿಕೊಂಡರು. 'ಕನ್ನಡಕ್ಕೊಬ್ಬನೇ ಕೈಲಾಸಂ' ಅನ್ನೋ ಮಾತು ಇವತ್ತಿಗೂ ಹಿರಿಯರ ಬಾಯಲ್ಲಿದೆ.

ಅವರು ಬರೋಕೆ ಮುಂಚೆ ನಮ್ಮ ರಂಗಭೂಮಿ ಅಂದರೆ ಬಹುಪಾಲು ಕಂಪನಿ ನಾಟಕ. ಕಿರೀಟ, ಗದೆ, ಗ್ರಾಂಥಿಕ ಭಾಷೆ, ಕಂದಪದ್ಯ. ಕೈಲಾಸಂ ಕಿರೀಟ ಕೆಳಗಿಳಿಸಿ ಬೆಂಗಳೂರು-ಮೈಸೂರಿನ ಮನೆಗಳ ನಡುಮನೆಯನ್ನು ರಂಗಕ್ಕೆ ತಂದರು. ಅಲ್ಲಿ ಜನ ಹೇಗೆ ಮಾತಾಡ್ತಿದ್ದರೋ ಹಾಗೇ ಮಾತಾಡಿಸಿದರು. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ನಡುನಡುವೆ ನುಂಗಿದ ಅಕ್ಷರ. ನಾವು ಆಫೀಸಿನಲ್ಲಿ ಆಡೋ "ಕಾಲ್ ಜಾಯ್ನ್ ಆಗ್ತೀನಿ, ಅಪ್‌ಡೇಟ್ ಕೊಡ್ತೀನಿ" ಕನ್ನಡ ಇದೆಯಲ್ಲ, ಅದರ ಮುತ್ತಜ್ಜ ಅವರ ನಾಟಕಗಳಲ್ಲಿ ಕೂತಿದ್ದಾನೆ. 'ಟೊಳ್ಳು ಗಟ್ಟಿ'ಯಲ್ಲಿ ಪರೀಕ್ಷೆ ಪಾಸು ಮಾಡೋದೊಂದೇ ವಿದ್ಯೆ ಅಂದುಕೊಂಡ ಮಗ ಟೊಳ್ಳು, ಪುಸ್ತಕಕ್ಕೆ ದೂರವಾದರೂ ಮನೆಯವರ ಕಷ್ಟಕ್ಕೆ ಹತ್ತಿರವಾದ ಮಗ ಗಟ್ಟಿ. ಸಿಇಟಿ ರ‍್ಯಾಂಕಿನ ಮೇಲೆ ಮಕ್ಕಳನ್ನು ಅಳೆಯೋ ನಮ್ಮ ಬಡಾವಣೆಗಳಿಗೆ ಒಂದು ಶತಮಾನ ಮುಂಚೆಯೇ ಬರೆದಿಟ್ಟ ಹಾಗಿದೆ.

ಇಷ್ಟೆಲ್ಲಾ ನಾನು ಕೂತು ಓದೋದಕ್ಕೆ ಇನ್ನೊಂದು ಕಾರಣ ಇತ್ತು. ಅದು ನಮ್ಮ ಮನೆಯ ರಾಜಕೀಯ.

ನಮ್ಮಕ್ಕನ ಮನೆ ಬಸವೇಶ್ವರನಗರದಲ್ಲಿ. ಭಾವಂದು ಕಾಮಾಕ್ಷಿಪಾಳ್ಯದಲ್ಲಿ ಚಿಕ್ಕ ಮೆಷಿನ್ ಶಾಪ್. ನಾಲ್ಕು ಮೆಷಿನ್, ಮೂರು ಜನ ಹುಡುಗರು. ಮಗಳು ಪುಟ್ಟಿ ಕೆಂಗೇರಿ ಕಡೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ. ಓದೋದರ ಜೊತೆಗೆ ಗಿಟಾರ್ ಹಿಡಿದುಕೊಂಡು ಹಾಡು ಕಟ್ತಾಳೆ. ಪ್ರೇಮಗೀತೆ ಅಲ್ಲ. ಮೆಟ್ರೋದಲ್ಲಿ ಬಾಗಿಲಿಗೆ ಅಡ್ಡ ನಿಲ್ಲುವವರ ಮೇಲೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನ ಮೇಲೆ, ರಾಜಾಜಿನಗರದ ರಸ್ತೆ ಅಗೆಯೋದರ ಮೇಲೆ. ಮೂರು ಕಾರ್ಡ್, ಎರಡು ಚರಣ, ಕೊನೆಗೊಂದು ಕುಟುಕು. ನಮಗೆಲ್ಲಾ ಅವಳ ಹಾಡು ಅಂದರೆ ಇಷ್ಟ. ಯಾರ ಮೇಲೆ ಹಾಡ್ತಾಳೋ ಅವರಿಗೆ ಬಿಟ್ಟು.

ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣಕ್ಕೆ ರಾಜಾಜಿನಗರದ ಛತ್ರದಲ್ಲಿ ಎಲ್ಲಾ ಸೇರಿದ್ದರು. ಊಟಕ್ಕೆ ಇನ್ನೂ ಹೊತ್ತಿತ್ತು. "ಏನಾದ್ರೂ ಹಾಡೇ" ಅಂತ ಯಾರೋ ಅಂದರು. ಪುಟ್ಟಿ ಹೊಸ ಹಾಡು ಹಾಡಿದಳು. ಹೆಸರು 'ನಾಳೆ ಶ್ಯೂರ್'. ಅವಳ ಅಪ್ಪ ದಿನಕ್ಕೆ ಹತ್ತು ಸಲ ಫೋನಿನಲ್ಲಿ ಹೇಳೋ ಮಾತು ಅದು. ಬ್ಯಾಂಕಿನವರಿಗೆ ನಾಳೆ ಶ್ಯೂರ್, ಮೆಟೀರಿಯಲ್ ಕೊಟ್ಟವರಿಗೆ ನಾಳೆ ಶ್ಯೂರ್, ಹುಡುಗರ ಸಂಬಳಕ್ಕೆ ನಾಳೆ ಶ್ಯೂರ್. ಭಾವ ಗಂಟಲು ಸರಿ ಮಾಡಿಕೊಳ್ಳೋದು, "ಸಾರ್ ಸಾರ್ ಸಾರ್" ಅಂತ ಮೂರು ಸಲ ಅನ್ನೋದು, ಎಲ್ಲಾ ತದ್ರೂಪ. ಛತ್ರದವರೆಲ್ಲಾ ಬಿದ್ದು ಬಿದ್ದು ನಕ್ಕರು. ಭಾವ ಚಪ್ಪಲಿ ಹಾಕಿಕೊಂಡು ಊಟ ಮಾಡದೆ ಹೊರಟುಹೋದರು.

ಹದಿನೈದು ದಿನ ಆದಮೇಲೆ ಅಕ್ಕ ಫೋನ್ ಮಾಡಿದಳು. "ಅಪ್ಪ-ಮಗಳಿಗೆ ಮಾತಿಲ್ಲ ಕಣೋ. ತಟ್ಟೆ ಇಟ್ರೆ ಊಟ ಮಾಡ್ತಾರೆ, ಎದ್ದು ಹೋಗ್ತಾರೆ. ಗಿಟಾರ್ ಕೊಡ್ಸಿದ್ದು ನೀನು ತಾನೇ? ನೀನೇ ಬಂದು ಅವಳಿಗೆ ಬುದ್ಧಿ ಹೇಳು."

ಬುದ್ಧಿ ಹೇಳೋದು ಅಂದರೆ ಏನು ಹೇಳೋದು? ಅಪ್ಪನ್ನ ಅಣಕಿಸಬಾರದು ಅಂತಲೇ? ಹಾಗಾದರೆ ಯಾರನ್ನು ಅಣಕಿಸಬೇಕು? ಪರಿಚಯ ಇಲ್ಲದವರನ್ನು ಅಣಕಿಸೋದು ಸುಲಭ, ಅದನ್ನು ನಾವು ದಿನಾ ರೀಲ್ಸ್‌ನಲ್ಲಿ ನೋಡ್ತೀವಿ. ಯಾರೋ ಒಬ್ಬ ತಪ್ಪು ಇಂಗ್ಲಿಷ್ ಮಾತಾಡಿದ, ಹದಿನೈದು ಸೆಕೆಂಡ್ ಕತ್ತರಿಸು, ಮ್ಯೂಸಿಕ್ ಹಾಕು, ಲಕ್ಷ ಲೈಕು. ಆ ಹದಿನೈದು ಸೆಕೆಂಡಿನ ಹಿಂದೆ ಮುಂದೆ ಆ ಮನುಷ್ಯ ಏನು ಹೇಳುತ್ತಿದ್ದ ಅನ್ನೋದು ಯಾರಿಗೂ ಬೇಡ. ಪುಟ್ಟಿ ಹಾಡು ಹಾಗಿರಲಿಲ್ಲ ಅಂತ ನನಗೆ ಅನಿಸಿತ್ತು. ಹಾಗಾದರೆ ಭಾವನಿಗೆ ಅದು ಅಷ್ಟು ಚುಚ್ಚಿದ್ದು ಯಾಕೆ?

ಆ ಪ್ರಶ್ನೆ ಇಟ್ಟುಕೊಂಡೇ ಹಂಪಿನಗರದ ಲೈಬ್ರರಿಯಿಂದ ಕೈಲಾಸಂ ನಾಟಕಗಳ ದಪ್ಪ ಸಂಪುಟ ತಂದೆ. 'ಬಂಡ್ವಾಳ್ವಿಲ್ಲದ ಬಡಾಯಿ'ಯ ಲಾಯರ್ ಅಹೋಬ್ಲು ಇದ್ದಾನಲ್ಲ, ಜೇಬಿನಲ್ಲಿ ಏನೂ ಇಲ್ಲದಿದ್ದರೂ ಬಾಯಲ್ಲಿ ಬಡಾಯಿಗೆ ಕಡಿಮೆ ಇಲ್ಲದವನು, ಅವನನ್ನು ನೋಡಿ ನಗು ತಡೆಯೋಕಾಗಲ್ಲ. ಆದರೆ ನಾಲ್ಕು ಪುಟ ಆದಮೇಲೆ ಒಂದು ವಿಚಿತ್ರ ಆಗುತ್ತೆ. ಅವನ ಪ್ರತಿ ಬಡಾಯಿಯ ಹಿಂದೆ ಅವನು ಯಾವುದನ್ನು ಮುಚ್ಚಿಡ್ತಿದ್ದಾನೆ ಅನ್ನೋದೂ ಕೇಳಿಸೋಕೆ ಶುರುವಾಗುತ್ತೆ. ಬಸವೇಶ್ವರನಗರದ ಕೆಇಎ ಪ್ರಭಾತ್ ರಂಗಮಂದಿರದಲ್ಲಿ ಹವ್ಯಾಸಿಗಳು ಕೈಲಾಸಂ ನಾಟಕ ಆಡಿದಾಗ ನಾನು ಇದನ್ನು ಕಣ್ಣಾರೆ ನೋಡಿದ್ದೀನಿ. ಪಕ್ಕದ ಸೀಟಿನ ನಿವೃತ್ತ ಹಿರಿಯರು ಹೊಟ್ಟೆ ಹಿಡಿದು ನಗ್ತಾ ಇದ್ದವರು ಇದ್ದಕ್ಕಿದ್ದಂತೆ ಸುಮ್ಮನಾಗಿ ಕನ್ನಡಕ ತೆಗೆದು ಒರೆಸಿಕೊಂಡರು. ನಕ್ಕಿದ್ದು ಅಹೋಬ್ಲುವಿನಂಥವರನ್ನು ನೋಡಿ. ಸುಮ್ಮನಾಗಿದ್ದು ಬಹುಶಃ ತಮ್ಮ ಮನೆಯ ಯಾರನ್ನೋ ನೆನೆದು.

ಒಬ್ಬರನ್ನು ಅಣಕಿಸಬೇಕಾದರೆ ಮೊದಲು ಅವರ ಮಾತಿಗೆ ಕಿವಿ ಕೊಡಬೇಕು. ಶಬ್ದಕ್ಕೆ ಕಿವಿ ಕೊಟ್ಟರೆ ಮಿಮಿಕ್ರಿ ಆಗುತ್ತೆ, ಆ ಶಬ್ದ ಯಾಕೆ ಹೊರಟಿತು ಅನ್ನೋದಕ್ಕೂ ಕಿವಿ ಕೊಟ್ಟರೆ ಕೈಲಾಸಂ ಆಗ್ತಾರೆ. ನಾನು ಅವರಿಂದ ತಿಳಿದುಕೊಂಡದ್ದು ಇಷ್ಟೇ.

ಝಪ್ಪಾನ ಹಾಡುಗಳನ್ನು ಈ ಕಿವಿಯಿಂದ ಮತ್ತೆ ಕೇಳಿದಾಗ ಅವನೂ ಬೇರೆಯಾಗಿ ಕಂಡ. 1985ರಲ್ಲಿ ಅಮೆರಿಕದಲ್ಲಿ ರಾಕ್ ಹಾಡುಗಳ ಮೇಲೆ ಎಚ್ಚರಿಕೆ ಚೀಟಿ ಅಂಟಿಸಬೇಕು ಅನ್ನೋ ವಿವಾದ ಎದ್ದಿತ್ತು. ಝಪ್ಪಾ ಕೋಟು-ಟೈ ಹಾಕಿಕೊಂಡು ಸೆನೆಟ್ ಸಮಿತಿಯ ಮುಂದೆ ಹೋಗಿ ವಿರೋಧಿಸಿದ. ಆಮೇಲೆ ಮನೆಗೆ ಬಂದು ಮಾಡಿದ್ದೇನು ಗೊತ್ತಾ? ಆ ವಿಚಾರಣೆಯ ಧ್ವನಿಮುದ್ರಣವನ್ನೇ ತುಂಡು ಮಾಡಿ, ತಿರುಗಿಸಿ, ಜೋಡಿಸಿ ಒಂದು ಸಂಗೀತದ ತುಣುಕು ಮಾಡಿದ. ತನ್ನ ಮಾತು ಸೇರಿಸಿ ಬೈಯೋದು ಅವನಿಗೆ ಬೇಕಾಗಲಿಲ್ಲ, ಅವರ ದನಿಯೇ ಸಾಕಾಯಿತು.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 1982ರ 'ವ್ಯಾಲಿ ಗರ್ಲ್' ಹಾಡಿನ ಕತೆ. ಝಪ್ಪಾ ಸದಾ ಊರೂರು ಸುತ್ತೋನು, ಮನೆಯಲ್ಲಿದ್ದರೂ ರಾತ್ರಿಯೆಲ್ಲಾ ಸ್ಟುಡಿಯೋ. ಮಗಳು ಮೂನ್‌ಗೆ ಅಪ್ಪ ಕೈಗೇ ಸಿಗುತ್ತಿರಲಿಲ್ಲ. ಒಂದಿನ ಅವಳು ಸ್ಟುಡಿಯೋ ಬಾಗಿಲ ಕೆಳಗೆ ಒಂದು ಚೀಟಿ ತಳ್ಳಿದಳು. ನಾನು ನಿಮ್ಮ ಮಗಳು, ನಿಮ್ಮ ರೆಕಾರ್ಡಿನಲ್ಲಿ ಹಾಡೋಕೆ ನನಗೆ ಆಸೆ ಅಂತ, ಪರಿಚಯ ಇಲ್ಲದವರಿಗೆ ಬರೆದ ಹಾಗೆ. ಅವಳು ತನ್ನ ವಾರಿಗೆಯ ಹುಡುಗಿಯರು ಮಾತಾಡೋ ಒಯ್ಯಾರದ ಇಂಗ್ಲಿಷನ್ನು ಮನೆಯಲ್ಲಿ ಅಣಕಿಸುತ್ತಿದ್ದಳು. ಅಪ್ಪ ಅವಳನ್ನು ಮೈಕಿನ ಮುಂದೆ ನಿಲ್ಲಿಸಿ ಅದನ್ನೇ ಆಡಿಸಿದ. ಅವನ ಅಷ್ಟೂ ಹಾಡುಗಳಲ್ಲಿ ಅಮೆರಿಕದ ಟಾಪ್ 40 ಪಟ್ಟಿಗೆ ಹತ್ತಿದ್ದು ಅದೊಂದೇ. ತಮಾಷೆ ಏನಂದರೆ, ಲೇವಡಿ ಮಾಡೋಕೆ ಹೊರಟ ಆ ಭಾಷೆ ಹಾಡಿನಿಂದಲೇ ದೇಶದ ತುಂಬಾ ಹರಡಿತು. ನಮ್ಮಲ್ಲೂ ಹಾಗೇ ಅಲ್ವಾ? ಒಂದು ಶತಮಾನದ ಹಿಂದೆ ಬೆಂಗಳೂರಿನ ಮನೆಗಳಲ್ಲಿ ಕನ್ನಡ ಹೇಗೆ ಆಡುತ್ತಿದ್ದರು ಅಂತ ತಿಳಿಯಬೇಕಾದರೆ, ಅದನ್ನು ನೋಡಿ ನಕ್ಕ ಕೈಲಾಸಂ ಹತ್ತಿರವೇ ಹೋಗಬೇಕು.

ಒಂದು ತಕರಾರು ಬರಬಹುದು. ಜಡ್ಜ್ ಮಗ, ಲಂಡನ್ನಿನಲ್ಲಿ ಓದಿದವರು, ಹಳ್ಳಿಯ ರಂಗನನ್ನು ಹಾಡಾಗಿಸಿದರೆ ಅದು ಮೇಲಿಂದ ಕೆಳಕ್ಕೆ ನೋಡಿದ ನಗು ಅಲ್ಲವೇ ಅಂತ. ನಾನೂ ಯೋಚಿಸಿದೆ. ಆಮೇಲೆ ಒಂದು ಭಾನುವಾರ ಪುಟ್ಟಿಯನ್ನು ವಿಜಯನಗರದ ನನ್ನ ಮನೆಗೆ ಕರೆಸಿ, ಇಬ್ಬರೂ ಗಿಟಾರ್ ಹಿಡಿದು 'ಕೋಳಿಕೆ ರಂಗ' ನುಡಿಸಿ ನೋಡಿದೆವು. ನಾನು ಮೇಜು ಬಡಿದು ಡ್ರಮ್ಸ್. ನುಡಿಸಿದಾಗ ಗೊತ್ತಾಯಿತು. ಇಂಗ್ಲಿಷ್ ಹಾಡಿನಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಪೆಟ್ಟು. ಕನ್ನಡಕ್ಕೆ ಬಂದಾಗ ಒಂದು ಅಕ್ಷರದ ಜೊತೆಗೆ ಅದರ ಗುಣಿತವೂ ಬರುತ್ತೆ, ಸೊನ್ನೆಯೂ ಬರುತ್ತೆ, ಅಷ್ಟನ್ನೂ ಅದೇ ತಾಳದೊಳಗೆ ತೂರಿಸಬೇಕು. ನಾಲಿಗೆ ತೊಡರುತ್ತೆ. ರಂಗನಿಗೆ ತೊಡರಲ್ಲ. ಅವನು ತನ್ನ ಹೆಸರನ್ನು ಒಂದು ಕೊಂಬೂ ಬಿಡದೆ, ಎದೆ ಸೆಟೆಸಿಕೊಂಡು ಜಗತ್ತಿಗೆ ಒಪ್ಪಿಸ್ತಾನೆ. ಹೆಸರು ಕೇಳಿದರೆ ತಲೆ ತಗ್ಗಿಸೋ ಹಳ್ಳಿಯವ ಅಲ್ಲ ಅವನು. ಮೂರನೇ ಸಲ ನುಡಿಸೋ ಹೊತ್ತಿಗೆ ನಗ್ತಿದ್ದದ್ದು ರಂಗ, ಬೆವರ್ತಿದ್ದದ್ದು ಎಂಜಿನಿಯರಿಂಗ್ ಓದಿದ ನಾವಿಬ್ಬರು.

ಸುಸ್ತಾಗಿ ಕಾಫಿ ಕುಡೀತಾ ಕೂತಾಗ ಪುಟ್ಟಿ ಅವಳಾಗೇ ಮಾತು ತೆಗೆದಳು. "ಮಾಮ, ನಾನು ಒಂದು ಪದಾನೂ ಸೇರಿಸಿಲ್ಲ. ಎಲ್ಲಾ ಅಪ್ಪ ಹೇಳಿದ್ದೇ. ಆಮೇಲೂ ಯಾಕೆ ಅಷ್ಟು ಬೇಜಾರು?"

"ಫೋನ್ ಇಟ್ಟ ಮೇಲೆ ಏನು ಮಾಡ್ತಾರೆ ನಿಮ್ಮಪ್ಪ?" ಅಂತ ಕೇಳಿದೆ.

ಅವಳಿಗೆ ಗೊತ್ತಿರಲಿಲ್ಲ. ಕಾಲ್ ಬಂದಾಗ ಹಾಲ್‌ನಲ್ಲಿ ಮಾತಾಡಿ, ಆಮೇಲೆ ಬಾಲ್ಕನಿಗೆ ಹೋಗ್ತಾರೆ ಅಷ್ಟೇ. ನಾನು ಬುದ್ಧಿ ಹೇಳೋಕೆ ಹೋಗಲಿಲ್ಲ. ಕೈಲಾಸಂ ಇಂಗ್ಲಿಷಿನಲ್ಲಿ ಬರೆದ ನಾಟಕಗಳ ವಿಷಯ ಹೇಳಿದೆ. ಕನ್ನಡದಲ್ಲಿ ಅಷ್ಟು ನಗಿಸಿದ ಮನುಷ್ಯ ಇಂಗ್ಲಿಷಿನಲ್ಲಿ ಬರೆದದ್ದು ಕರ್ಣನ ಬಗ್ಗೆ, ಏಕಲವ್ಯನ ಬಗ್ಗೆ, ಕೀಚಕನ ಬಗ್ಗೆ. ಎಲ್ಲಾ ಮೋಸ ಹೋದವರು, ಸೋತವರು, ಕತೆಯಲ್ಲಿ ನ್ಯಾಯ ಸಿಗದವರು. ನಗಿಸುವಾಗಲೂ ಆ ಸೋತವರ ಮೇಲೇ ಅವರ ಕಣ್ಣಿತ್ತು ಅಂತ ನನಗನಿಸುತ್ತೆ. ಪುಟ್ಟಿ ಏನೂ ಹೇಳಲಿಲ್ಲ. ಗಿಟಾರ್ ಬ್ಯಾಗಿಗೆ ಹಾಕಿಕೊಂಡು ಹೊರಟಳು.

ಆಮೇಲಿನದ್ದು ಅವಳು ಹೇಳಿದ್ದು. ಮುಂದಿನ ಶನಿವಾರ ಅಕ್ಕನ ಕೈಯಿಂದ ಊಟದ ಕ್ಯಾರಿಯರ್ ಇಸ್ಕೊಂಡು ಅವಳೇ ಕಾಮಾಕ್ಷಿಪಾಳ್ಯಕ್ಕೆ ಹೋದಳಂತೆ. ಶಾಪಿಗೆ ಹೋಗಿ ಮೂರು ವರ್ಷ ಆಗಿತ್ತು. ಲೇತಿನ ಸದ್ದು, ಕೂಲಂಟ್ ವಾಸನೆ, ನೆಲದ ಮೇಲೆ ಸುರುಳಿ ಸುರುಳಿ ಲೋಹದ ತುರಿ. ಭಾವ ಇವಳನ್ನು ನೋಡಿ ತಲೆಯಾಡಿಸಿ ಕೆಲಸ ಮುಂದುವರಿಸಿದರು. ಮಾತಿಲ್ಲ. ಇವಳು ಸ್ಟೂಲ್ ಮೇಲೆ ಕೂತಳು. ಬ್ಯಾಂಕಿನಿಂದ ಫೋನ್ ಬಂತು. ಸಾರ್ ಸಾರ್ ಸಾರ್, ನಾಳೆ ಶ್ಯೂರ್. ಇಟ್ಟ ಮೇಲೆ ಭಾವ ಇನ್ನೊಂದು ನಂಬರ್ ಒತ್ತಿದರು. ಕೈ ತುಂಬಾ ಎಣ್ಣೆ ಇದ್ದದ್ದರಿಂದ ಸ್ಪೀಕರ್ ಹಾಕಿದ್ದರು. ಆ ಕಡೆ ದೊಡ್ಡ ಕಂಪನಿಯೊಂದರ ಪರ್ಚೇಸ್‌ನವರು. ನಾಲ್ಕು ತಿಂಗಳ ಹಿಂದೆ ಜಾಬ್ ಡೆಲಿವರಿ ಆಗಿದೆ, ಬಿಲ್ ಪಾಸಾಗಿದೆ, ದುಡ್ಡು ಬಂದಿಲ್ಲ. ಭಾವ ಎರಡೇ ವಾಕ್ಯದಲ್ಲಿ ಕೇಳಿದರು. ಆ ಕಡೆಯಿಂದ ಹುಡುಗನೊಬ್ಬ, ಪುಟ್ಟಿಗಿಂತ ಹತ್ತು ವರ್ಷ ದೊಡ್ಡವನಿರಬಹುದು, ಆರಾಮಾಗಿ ಹೇಳಿದ: "ನಾಳೆ ಶ್ಯೂರ್ ಸರ್."

"ಮಾಮ, ಅದು ಅಪ್ಪನ ಮಾತೇ ಅಲ್ಲ" ಅಂದಳು ಪುಟ್ಟಿ, ಫೋನಿನಲ್ಲಿ ನನಗೆ ಇದನ್ನೆಲ್ಲಾ ಹೇಳುವಾಗ. "ಅವರಿಗೆ ಯಾರೋ ಕೊಟ್ಟಿದ್ದನ್ನ ಇವರು ಮುಂದಕ್ಕೆ ಕೊಡ್ತಿದ್ದಾರೆ ಅಷ್ಟೇ."

ಆ ದಿನ ಅವಳು ಸಂಜೆವರೆಗೂ ಅಲ್ಲೇ ಇದ್ದಳು. ಆಮೇಲೆ ಎರಡು ಶನಿವಾರ ಹೋದಳು. ಯಾವ ಮೆಷಿನ್ ಏನು ಮಾಡುತ್ತೆ ಅಂತ ಅಲ್ಲಿನ ಹುಡುಗರನ್ನು ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಪ್ಪನ ಹತ್ತಿರ ಕ್ಷಮೆ ಕೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಮನೆಯಲ್ಲಿ ಅಂಥ ಮಾತುಗಳು ಬಾಯಿ ಬಿಟ್ಟು ಆಡೋ ರೂಢಿ ಇಲ್ಲ.

ಲೇವಡಿ ಮಾಡೋರಿಗೆ ಅದರ ಬೆಲೆಯೂ ಇರುತ್ತೆ. ಝಪ್ಪಾ ದೊಡ್ಡ ರೆಕಾರ್ಡ್ ಕಂಪನಿಯ ಜೊತೆ ಜಗಳ ಆಡಿ, ಕೊನೆಗೆ ತನ್ನ ಹಾಡು ತಾನೇ ಮಾರುವ ದಾರಿ ಹಿಡಿದ. ಕೈಲಾಸಂ ನೌಕರಿ ಬಿಟ್ಟು 'ನೂಕ್'ನಲ್ಲಿ ಕೂತರು. ಅಂಥ ಬದುಕನ್ನು ನಾವು ಭಾಷಣದಲ್ಲಿ ಹೊಗಳ್ತೀವಿ, ನಮ್ಮನೆ ಮಕ್ಕಳು ಹಾಗೆ ಮಾಡ್ತೀನಿ ಅಂದರೆ ಎದೆ ಧಸಕ್ ಅನ್ನುತ್ತೆ. ಪುಟ್ಟಿ ಡಿಗ್ರಿ ಮುಗಿಸಲಿ ಅನ್ನೋದು ನನ್ನ ಆಸೆಯೂ ಹೌದು, ಇಎಂಐ ಕಟ್ಟೋ ಮಾಮ ಬೇರೆ ಏನು ಹೇಳೋಕಾಗುತ್ತೆ? ಆದರೆ ಅವಳ ಕಿವಿ ಮೊಂಡಾಗಬಾರದು ಅನ್ನೋದೂ ಅಷ್ಟೇ ದೊಡ್ಡ ಆಸೆ. ಸಂಬಳ ಬರೋ ಕೆಲಸಗಳಲ್ಲಿ ಮೊದಲು ಮೊಂಡಾಗೋದು ಕಿವಿಯೇ. ನಾವು ದಿನಕ್ಕೆ ಆರು ಕಾಲ್ ಕೂತು ಕೇಳ್ತೀವಿ, ಯಾರು ಏನು ಅಂದರು ಅಂತ ಸಂಜೆ ಕೇಳಿದರೆ ನೆನಪಿರಲ್ಲ.

ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಪುಟ್ಟಿ ಅಡುಗೆಮನೆ ಬಾಗಿಲಲ್ಲಿ ಕೂತು 'ನಾಳೆ ಶ್ಯೂರ್'ನ ಹೊಸ ರೂಪ ಹಾಡ್ತಿದ್ದಳು. ಈ ಸಲ ಹಾಡು ದೊಡ್ಡ ಕಂಪನಿಯ ಏಸಿ ರೂಮಿನಿಂದ ಶುರುವಾಗುತ್ತೆ. ಅಲ್ಲಿಂದ ನಾಳೆ ಶ್ಯೂರ್ ಹೊರಟು ಕಾಮಾಕ್ಷಿಪಾಳ್ಯಕ್ಕೆ ಬಂದು, ಅಲ್ಲಿ ಲೇತಿನ ಮೇಲೆ ಸುತ್ತಿ, ಬ್ಯಾಂಕಿಗೆ ಹೋಗಿ, ಹುಡುಗರ ಬಾಡಿಗೆ ಮನೆಯ ಓನರ್ ಕಿವಿ ಸೇರುತ್ತೆ. ಸಾರ್ ಸಾರ್ ಸಾರ್ ಈಗಲೂ ಇದೆ. ನಗು ಈಗಲೂ ಬರುತ್ತೆ, ಮೊದಲಿಗಿಂತ ಜಾಸ್ತಿನೇ. ಮಧ್ಯದಲ್ಲಿ ಒಂದು ಚರಣ ಶಾಪಿನ ಕೆಲಸದ ಬಗ್ಗೆ. ಒಂದು ತೂತನ್ನು ಹೇಗೆ ಅಳತೆಗೆ ತಂದು ನಯ ಮಾಡ್ತಾರೆ, ಕೂದಲೆಳೆ ಹೆಚ್ಚುಕಮ್ಮಿ ಆದರೂ ಜಾಬ್ ರಿಜೆಕ್ಟ್ ಅಂತ.

ಭಾವ ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದರು. ಪುಟ ತಿರುಗಿಸಿದ ಸದ್ದು ತುಂಬ ಹೊತ್ತಿನಿಂದ ಬಂದಿರಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಹಾಡು ಮುಗಿಯಿತು. ಪೇಪರಿನ ಹಿಂದಿನಿಂದಲೇ ಭಾವನ ದನಿ ಬಂತು.

"ಅದು ಡ್ರಿಲ್ಲಿಂಗ್ ಅಲ್ಲ. ಡ್ರಿಲ್ ಆದ್ಮೇಲೆ ಸೈಜ್‌ಗೆ ತರೋದಕ್ಕೆ ರೀಮಿಂಗ್ ಅಂತಾರೆ."

ಪುಟ್ಟಿ ಪೆನ್ ಹುಡುಕಿದಳು. "ಸ್ಪೆಲಿಂಗ್ ಹೇಳಪ್ಪ" ಅಂದಳು.

ಭಾವ ಹೇಳಿದರು, ಒಂದೊಂದೇ ಅಕ್ಷರವಾಗಿ.